ಟ್ಯೂಬಿಂಗನ್‌ನಲ್ಲಿ ‘ಸ್ಮಾಲ್ ಗ್ರೂಪ್’ ವಾಕಿಂಗ್ ಟೂರ್ ಬುಕ್ ಮಾಡುವವರು ಇದನ್ನು ಓದಿ

ಬರೆಯಲು ನಾಚಿಕೆಯಾಗುತ್ತಿದೆ. ಏಳು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ, ಜರ್ಮನ್ ಬರುತ್ತದೆ. ಆದರೂ ಟೋಪಿ ಹಾಕಿಸಿಕೊಂಡೆ. ತಲೆಗೆ 59 ಯೂರೋದಂತೆ ನಾಲ್ಕು ಜನಕ್ಕೆ 236 ಯೂರೋ.

ಧಾರವಾಡದಿಂದ ಅಪ್ಪ, ಅವ್ವ ಬಂದಿದ್ದರು. ಅಪ್ಪ ರಿಟೈರ್ ಆದ ಕನ್ನಡ ಮಾಸ್ತರು. ಕಿಟೆಲ್ ನಿಘಂಟನ್ನು ದೇವರ ಜಗಲಿ ಮೇಲೆ ಇಟ್ಟಿಲ್ಲ ಅಷ್ಟೇ. 1894ರಲ್ಲಿ ಆ ನಿಘಂಟು ಬಂತು, 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟೆಲ್‌ಗೆ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಲ್ಲಿ. ಇಷ್ಟನ್ನೂ ಅಪ್ಪ ಏರ್‌ಪೋರ್ಟಿನಿಂದ ಮನೆಗೆ ಬರುವಷ್ಟರಲ್ಲಿ ಎರಡು ಸಲ ಹೇಳಿದರು. ರೈಲಿನಲ್ಲಿ ಒಂದು ಗಂಟೆ ದಾರಿ. ಕರೆದುಕೊಂಡು ಹೋಗದೇ ಇರಲು ಆಗುತ್ತದಾ?

ಹೆಚ್ಚೆಂದರೆ 8 ಜನ, ಮೂರು ಗಂಟೆ, ದೋಣಿ ಸವಾರಿ ಸೇರಿ ಎಂದು ಹಾಕಿದ್ದರು. ನಾನು ಮೊದಲೇ ಮೆಸೇಜ್ ಮಾಡಿ ಕೇಳಿದ್ದೆ, ಕಿಟೆಲ್ ಬಗ್ಗೆ ತೋರಿಸುತ್ತೀರಾ ಅಂತ. ಎರಡೇ ನಿಮಿಷದಲ್ಲಿ ಉತ್ತರ: ‘ಖಂಡಿತ! ನಮ್ಮ ಗೈಡ್‌ಗೆ ಅವರ ಬಗ್ಗೆ ಎಲ್ಲಾ ಗೊತ್ತು.’ ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ನೆಕರ್ ಸೇತುವೆ ಹತ್ತಿರ ಹೋಗಿ ನೋಡಿದರೆ ಜಾತ್ರೆ. ಎಣಿಸಿದೆ, 27 ಜನ. ಗೈಡ್ ಮುಂದೆ ಕೆಂಪು ಕೊಡೆ ಎತ್ತಿಕೊಂಡು ನಡೆದ, ಹಿಂದಿದ್ದ ನಮಗೆ ಕೊಡೆ ಮಾತ್ರ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಹೋಲ್ಡರ್ಲಿನ್ ಕವಿ 36 ವರ್ಷ ಬದುಕಿದ ಗೋಪುರದ ಮುಂದೆ ಎರಡು ನಿಮಿಷ. ಆ ಕಲ್ಲುಹಾಸಿನ ಏರಿನಲ್ಲಿ ಅವ್ವನ ಮೊಣಕಾಲು ಹಿಡಿದುಕೊಂಡಿತು. ಕೋಟೆಗೆ ಹತ್ತಿದ ಮೇಲೆ, 1869ರಲ್ಲಿ ಮೀಷರ್ ಅನ್ನುವ ವಿಜ್ಞಾನಿ ಇಲ್ಲಿನ ಹಳೇ ಅಡುಗೆಮನೆಯಲ್ಲಿ ಈಗ ನಾವು ಡಿಎನ್‌ಎ ಅನ್ನುವುದನ್ನು ಕಂಡುಹಿಡಿದ ಎಂದು ಹೊರಗಿನಿಂದಲೇ ಬೆರಳು ತೋರಿಸಿದ. ಒಳಗೆ? ‘ಟೈಮ್ ಇಲ್ಲ.’ ಆದರೆ ಮ್ಯುನ್ಸ್‌ಗಾಸ್ಸೆ ಬೀದಿಯಲ್ಲಿ ಜರ್ಮನ್ ಮಹಾಕವಿಯ ಹೆಸರು ಹಿಡಿದು ‘ಗಯಟೆ ಇಲ್ಲಿ ವಾಂತಿ ಮಾಡಿಕೊಂಡ’ ಅಂತ ಯಾರೋ ತಮಾಷೆಗೆ ಹಾಕಿದ ಬೋರ್ಡ್ ಇದೆಯಲ್ಲ, ಅದರ ಮುಂದೆ ಹತ್ತು ನಿಮಿಷ ಟೈಮ್ ಇತ್ತು!

ಅಪ್ಪ ಜನರನ್ನು ದಾಟಿಕೊಂಡು ಮುಂದೆ ಹೋಗಿ ಕಿಟೆಲ್ ಬಗ್ಗೆ ಕೇಳಿದರು. ಅವನು ‘ಕೆಟಲ್?’ ಅಂದ. ಅಪ್ಪ ಸ್ಪೆಲಿಂಗ್ ಹೇಳಿದರು. ಅವನು ಫೋನ್ ನೋಡಿದ, ಸುತ್ತ ನೋಡಿದ, ಆಮೇಲೆ ಹಸಿರು ಬಾಗಿಲಿನ ಒಂದು ಮನೆಗೆ ಕೊಡೆ ಚಾಚಿ, ‘ಅವರು ಇದ್ದದ್ದು ಇಲ್ಲೇ’ ಅಂದ. ಅಪ್ಪ ಟೋಪಿ ತೆಗೆದರು. ಕೈ ಮುಗಿದರು. ‘ನಂದೊಂದು ಫೋಟೋ ತಗಿಯವಾ’ ಅಂದರು. ದನಿ ಸ್ವಲ್ಪ ನಡುಗುತ್ತಿತ್ತು.

ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಟೂರ್ ಮುಗಿಯಿತು. ದೋಣಿ? ಟಿಕೆಟ್ ನಾವೇ ತೆಗೆದುಕೊಳ್ಳಬೇಕಂತೆ.

ವಾಪಸ್ ರೈಲಿನಲ್ಲಿ ಆ ಫೋಟೋ ಜೂಮ್ ಮಾಡಿದೆ. ಅಪ್ಪನ ಭುಜದ ಹಿಂದೆ ಗೋಡೆಗೆ ಒಂದು ಫಲಕ. ಆ ಊರಲ್ಲಿ ಮನೆಮನೆಗೂ ಇಂಥವು ಇವೆ. ಓದಿದೆ. ಬೇರೆ ಯಾರದೋ ಹೆಸರು, ಕಿಟೆಲ್ ಹುಟ್ಟುವ ಮೊದಲೇ ಸತ್ತವನು. ಅಲ್ಲೇ ನಿಂತಿದ್ದೆ ಕಣ್ರೀ, ಜರ್ಮನ್ ಬರುವ ನಾನು, ಆ ಫಲಕದ ಎದುರಿಗೇ ನಿಂತು ಫೋಟೋ ತೆಗೆದಿದ್ದೆ!

ಕಂಪನಿಗೆ ಬರೆದೆ. ಮೊದಲ ಉತ್ತರ: ‘ಸ್ಮಾಲ್ ಅನ್ನುವುದು ಸೀಸನ್ ಮೇಲೆ ಹೋಗುತ್ತದೆ.’ 27 ಯಾವ ಸೀಸನ್‌ನಲ್ಲಿ ಸ್ಮಾಲ್? ಎರಡನೆಯದು: ‘ನಿಮಗೆ ಹಾಗೆ ಅನ್ನಿಸಿದ್ದಕ್ಕೆ ವಿಷಾದ.’ ಅನ್ನಿಸಿದ್ದಲ್ಲ ಸ್ವಾಮಿ, ಫೋಟೋ ಇದೆ, ಕಳಿಸಿದ್ದೇನೆ. ಮೂರನೆಯದು: ‘ಗೈಡ್ ಹೇಳುವುದಕ್ಕೆ ನಾವು ಜವಾಬ್ದಾರರಲ್ಲ. ಮುಂದಿನ ಟೂರಿಗೆ ಶೇ. 10 ರಿಯಾಯಿತಿ.’ ಮುಂದಿನ ಟೂರ್ ಅಂತೆ!

ಸೇತುವೆ ಪಕ್ಕದಲ್ಲೇ ಊರಿನ ಟೂರಿಸ್ಟ್ ಆಫೀಸ್ ಇದೆ, ಅಲ್ಲಿ ವಿಚಾರಿಸಿ. ಎಷ್ಟು ಜನ ಅನ್ನುವುದನ್ನು ದುಡ್ಡು ಕಟ್ಟುವ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ನಿಮ್ಮ ಯಾವ ಪ್ರಶ್ನೆಗೂ ‘ಖಂಡಿತ’ ಅನ್ನುವವರನ್ನು ಅಲ್ಲೇ ಬಿಡಿ.

ಅಪ್ಪನಿಗೆ ಇನ್ನೂ ಹೇಳಿಲ್ಲ. ಆ ಫೋಟೋ ಆಗಲೇ ಫ್ಯಾಮಿಲಿ ಗ್ರೂಪಿಗೆ, ಅವರ ಹಳೇ ಶಾಲೆಯ ಗ್ರೂಪಿಗೆ ಹೋಗಿದೆ. ನಿನ್ನೆ ನೋಡಿದರೆ ವಾಟ್ಸಾಪ್ ಡಿಪಿ ಕೂಡ ಅದೇ.