ಕ್ಯಾಲ್‌ಟ್ರಾನ್ಸ್‌ನ ಮೆಟ್ರಿಕ್ ನಕ್ಷೆಗಳು: ಲೆಕ್ಕ ಸಲೀಸು, ಜೋಡಣೆಯೇ ತಲೆನೋವು

ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್ 1990ರ ದಶಕದಲ್ಲಿ ಹೆದ್ದಾರಿ ವಿನ್ಯಾಸವನ್ನು ಅಡಿ-ಅಂಗುಲ ಬಿಟ್ಟು ಮೀಟರಿಗೆ ತಂದಿತು. 2006ರ ಪ್ರಮಾಣಿತ ನಕ್ಷೆಗಳು ಮತ್ತು ವಿನ್ಯಾಸ ಕೈಪಿಡಿಯೊಂದಿಗೆ ವಾಪಸ್ ಅಡಿಗೇ ಹೋಯಿತು. ನಡುವಿನ ಅವಧಿಯ ಹಾಳೆಗಳು ರಸ್ತೆ ಅಗಲಿಸುವಾಗ, ಸೇತುವೆ ದುರಸ್ತಿಗೆ ಇಳಿದಾಗ ಈಗಲೂ ಕೈಗೆ ಬರುತ್ತವೆ. ಬಳಸುವವರ ದೃಷ್ಟಿಯಲ್ಲಿ ಇವುಗಳಿಗೆ ಐದಕ್ಕೆ ಮೂರು ಅಂಕ. ಕಳೆದುಹೋದ ಎರಡು ಅಂಕಕ್ಕೆ ಮೀಟರ್ ಕಾರಣವಲ್ಲ.

ಮೊದಲು ಒಳ್ಳೆಯದು. ಅಡಿಯ ಪದ್ಧತಿಯಲ್ಲಿ ರಸ್ತೆ ವಿಭಾಗದವರು ದಶಮಾಂಶ ಅಡಿ ಬರೆಯುತ್ತಾರೆ, ಸೇತುವೆಯವರು ಅಡಿ-ಅಂಗುಲ ಬರೆಯುತ್ತಾರೆ, ಒಬ್ಬರ 8.75 ಅಡಿ ಇನ್ನೊಬ್ಬರಿಗೆ 8 ಅಡಿ 9 ಅಂಗುಲ. ಮೆಟ್ರಿಕ್ ಹಾಳೆಯಲ್ಲಿ ಈ ಜಗಳವೇ ಇಲ್ಲ. ಮಣ್ಣಿನ ಕೆಲಸದಲ್ಲೂ ಅಷ್ಟೇ: ಚದರ ಅಡಿಯನ್ನು ಅಡಿಯಿಂದ ಗುಣಿಸಿ, 27ರಿಂದ ಭಾಗಿಸಿ ಘನ ಗಜ ತೆಗೆಯುವ ಗೋಜಿಲ್ಲ, ನೇರವಾಗಿ ಘನ ಮೀಟರ್ ಬರುತ್ತದೆ. ಲೆಕ್ಕ ಪರಿಶೀಲಿಸುವವರಿಗೆ ಇದು ನಿಜವಾದ ಸುಖ.

ತೊಂದರೆ ಶುರುವಾಗುವುದು ಹಳೆಯದಕ್ಕೆ ಹೊಸದನ್ನು ಜೋಡಿಸುವಾಗ. 12 ಅಡಿಯ ಪಥ ಎಂದರೆ 3.658 ಮೀಟರ್. ಅದನ್ನು 3.6 ಮೀಟರ್ ಎಂದು ದುಂಡು ಮಾಡಲಾಯಿತು. ಒಂದು ಪಥಕ್ಕೆ ಇದು ಲೆಕ್ಕಕ್ಕಿಲ್ಲ, ಆದರೆ ನಾಲ್ಕು ಪಥ ಸೇರಿದರೆ ಸುಮಾರು 230 ಮಿಲಿಮೀಟರ್, ಅಂದರೆ 9 ಅಂಗುಲ ಕಡಿಮೆ. ಆ ಕಾಲದ ರಸ್ತೆಯನ್ನು ಇಂದಿನ 12 ಅಡಿಯ ಪಥಗಳಿಗೆ ಸೇರಿಸುವಾಗ ಆ 9 ಅಂಗುಲ ರಸ್ತೆಯಂಚಿನ ಪಟ್ಟಿಯಿಂದಲೇ ಹೋಗಬೇಕು. ನಕ್ಷೆ ನಂಬದೆ ಅಗಲವನ್ನು ಸ್ಥಳದಲ್ಲೇ ಅಳೆಯಿರಿ.

ಕಾಂಕ್ರೀಟಿನೊಳಗೆ ಹಾಕುವ ಉಕ್ಕಿನ ಕಂಬಿಯ ವಿಷಯ ಇನ್ನೂ ಸೂಕ್ಷ್ಮ. ಕಾರ್ಖಾನೆಗಳು ಕಂಬಿಯ ಗಾತ್ರ ಬದಲಿಸಲಿಲ್ಲ, ಹೆಸರನ್ನಷ್ಟೇ ಬದಲಿಸಿದವು: 4ನೇ ನಂಬರ್ 13 ಆಯಿತು, 5 ಇದ್ದದ್ದು 16, 8 ಇದ್ದದ್ದು 25, 11 ಇದ್ದದ್ದು 36. ಎರಡೂ ಪಟ್ಟಿಗಳಲ್ಲಿ ಸಿಗುವ ಸಂಖ್ಯೆ ಒಂದೇ ಒಂದು, 10. ಅಪಾಯ ಇರುವುದೂ ಅಲ್ಲೇ. ಅಂಗುಲ ಪದ್ಧತಿಯ 10ನೇ ನಂಬರ್ ಕಂಬಿಯ ಅಡ್ಡಛೇದ 819 ಚದರ ಮಿಲಿಮೀಟರ್. ಮೆಟ್ರಿಕ್‌ನ 10, ಅಂದರೆ ಹಳೆಯ 3ನೇ ನಂಬರ್, ಬರೀ 71. ತಪ್ಪು ಓದಿದರೆ ಉಕ್ಕು ಹನ್ನೊಂದು ಪಟ್ಟಿಗಿಂತಲೂ ಹೆಚ್ಚು ಏರುಪೇರಾಗುತ್ತದೆ. ಕಂಬಿ ಕಣ್ಣಿಗೆ ಬಿದ್ದಿದ್ದರೆ ಅದರ ಮೇಲಿನ ಮುದ್ರೆ ನೋಡಿ: ಗ್ರೇಡ್ (ಉಕ್ಕಿನ ಬಲದ ದರ್ಜೆ) 420ರ ಮೆಟ್ರಿಕ್ ಕಂಬಿಗೆ 4 ಎಂದು, ಅಂಗುಲ ಪದ್ಧತಿಯ ಗ್ರೇಡ್ 60ಕ್ಕೆ 60 ಎಂದು ಒತ್ತಿರುತ್ತದೆ.

ಟನ್ನಿನಲ್ಲೂ ಜೋಕೆ. ಅಮೆರಿಕದ ಟನ್ 2000 ಪೌಂಡು, ಅಂದರೆ 907 ಕಿಲೋ; ಮೆಟ್ರಿಕ್ ಟನ್ 1000 ಕಿಲೋ. ಹಳೆಯ ಟೆಂಡರಿನ ಡಾಂಬರು ದರವನ್ನು ಹಾಗೇ ಎತ್ತಿಕೊಂಡರೆ ಅಂದಾಜು ಹತ್ತು ಶೇಕಡಾ ತಪ್ಪುತ್ತದೆ. ಘನ ಗಜದ ದರವನ್ನು ಘನ ಮೀಟರಿಗೆ ತರಲು 1.308ರಿಂದ ಗುಣಿಸಬೇಕು.

ಹಾಳೆ ಯಾವ ಪದ್ಧತಿಯದೆಂದು ತಿಳಿಯಲು ಶೀರ್ಷಿಕೆಯಲ್ಲಿ ರಸ್ತೆಯ ಮೇಲಿನ ಸ್ಥಳ ಹೇಳುವ ದೂರದ ಗುರುತು ಕಿಲೋಮೀಟರ್ ಪೋಸ್ಟ್ ಆಗಿದೆಯೋ ಮೈಲಿಯ ಪೋಸ್ಟ್ ಆಗಿದೆಯೋ ನೋಡಿ. ನಕ್ಷೆಯ ಅನುಪಾತ 1:500 ಎಂದಿದ್ದರೆ ಮೆಟ್ರಿಕ್. ಅಂಗುಲಕ್ಕೆ 50 ಅಡಿಯ ನಕ್ಷೆ 1:600 ಆಗುತ್ತದೆ. ಅರ್ಧ ಗಾತ್ರಕ್ಕೆ ಇಳಿಸಿದ ಪ್ರತಿಗಳಲ್ಲಿ ಈ ಅನುಪಾತ ಸುಳ್ಳಾಗುವುದರಿಂದ, ಮುದ್ರಿತ ಅಳತೆಪಟ್ಟಿಯೇ ಗತಿ.

ಇಷ್ಟೆಲ್ಲ ಮಾಡಿ ಹಿಂದೆ ಸರಿದಿದ್ದೇಕೆ? ಮೀಟರಿಗೆ ಬದಲಾಗಲು ಫೆಡರಲ್ ಹೆದ್ದಾರಿ ಆಡಳಿತ ಮೊದಲು 1996ರ ಸೆಪ್ಟೆಂಬರ್ 30ರ ಗಡುವು ಕೊಟ್ಟಿತ್ತು. 1995ರ ಕಾನೂನು ಅದನ್ನು 2000ಕ್ಕೆ ಮುಂದೂಡಿತು, 1998ರ ಕಾನೂನು ಕಡ್ಡಾಯವನ್ನೇ ತೆಗೆಯಿತು. ಬೇರೆ ರಾಜ್ಯಗಳು ಜಾರಿಕೊಂಡ ಮೇಲೆ ಒಂದೇ ಇಲಾಖೆ ಹಟ ಹಿಡಿದು ಫಲವಿಲ್ಲ. ದಾರಿಹೋಕರು ನೋಡುವ ಫಲಕಗಳಂತೂ ಮೈಲಿ ಬಿಟ್ಟು ಕದಲಿರಲಿಲ್ಲ.

ಕಂಪ್ಯೂಟರ್ ಕಡತ ಬಳಸುವವರು ಅತಿ ಹೆಚ್ಚು ಎಡವುವುದು ಪರಿವರ್ತನೆಯ ಗುಣಕದಲ್ಲಿ. ಕ್ಯಾಲಿಫೋರ್ನಿಯಾದ ನಿರ್ದೇಶಾಂಕಗಳು ಸರ್ವೆ ಅಡಿಯಲ್ಲಿವೆ: ಒಂದು ಅಡಿಗೆ 1200/3937 ಮೀಟರ್. ಸಾಮಾನ್ಯ 0.3048 ಬಳಸಿದರೆ ವ್ಯತ್ಯಾಸ ಹತ್ತು ಲಕ್ಷದಲ್ಲಿ ಎರಡು ಭಾಗ ಮಾತ್ರ. ಆದರೆ ಪ್ರತಿ ವಲಯದ ಮಧ್ಯರೇಖೆಗೆ ಕೊಟ್ಟಿರುವ ಪೂರ್ವದ ನಿರ್ದೇಶಾಂಕವೇ 20,00,000 ಮೀಟರ್. ಅಲ್ಲಿ ಅದು 13 ಅಡಿಯಾಗಿ ಕೂರುತ್ತದೆ. ಕಡತವನ್ನು 3937/1200ರಿಂದ, ಶೂನ್ಯ ಬಿಂದುವನ್ನೇ ಆಧಾರವಾಗಿಟ್ಟು ಹಿಗ್ಗಿಸಿ. ಆಮೇಲೆ ನೆಲದ ಮೇಲಿರುವ ಎರಡು ಸರ್ವೆ ಗುರುತುಗಳಿಗೆ ತಾಳೆ ನೋಡಿ. ಎರಡೂ ಒಂದೇ ದಿಕ್ಕಿಗೆ ಸುಮಾರು 4 ಮೀಟರ್ ಸರಿದಿದ್ದರೆ ಗುಣಕವೇ ತಪ್ಪಿದೆ ಎಂದರ್ಥ.