ಎರೆಭೂಮಿಯಲ್ಲಿ ಮೂರು ಮನೆ, ಒಂದು ಎಸ್ಟಿಮೇಟು: ಕಲಬುರಗಿಯ ವಿನ್ಯಾಸ ಕಚೇರಿಯೊಂದರ ಸೇವೆ

ಮೂವರು ಅಣ್ಣತಮ್ಮಂದಿರು ಸೇರಿ ಒಂದೇ ನಿವೇಶನದಲ್ಲಿ ಮೂರು ಮನೆಗಳ ಕಟ್ಟಡ ಕಟ್ಟಿಸಲು ನಾವು ಜೇವರ್ಗಿ ರಸ್ತೆಯ ಕಡೆಯ ಸಣ್ಣ ವಿನ್ಯಾಸ ಕಚೇರಿಯೊಂದರ ಸೇವೆ ಪಡೆದೆವು. ನಮ್ಮಲ್ಲಿ ಸಾಮಾನ್ಯವಾಗಿ ನಕ್ಷೆ ಒಬ್ಬರದು, ಕಬ್ಬಿಣದ ಲೆಕ್ಕ ಇನ್ನೊಬ್ಬರದು. ಚದರ ಅಡಿಗೆ ಇಷ್ಟೆಂದು ಗುತ್ತಿಗೆದಾರರೊಡನೆ ಮಾತಾಗಿ ಕೆಲಸ ಶುರುವಾದ ಮೇಲೆ, ಆ ದರದೊಳಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬ ತಕರಾರು ಏಳುತ್ತದೆ. ಈ ಕಚೇರಿಯವರು ಮಾತ್ರ ಎಂಜಿನಿಯರು, ಗುತ್ತಿಗೆದಾರರು ಮತ್ತು ಮೂರೂ ಮನೆಯವರನ್ನು ಅಡಿಪಾಯ ತೋಡುವ ಮೊದಲೇ ಒಟ್ಟಿಗೆ ಕೂರಿಸಿ, ಒಂದೊಂದು ಬಾಬಿಗೂ ಪ್ರಮಾಣ ಮತ್ತು ದರ ನಮೂದಿಸಿದ ಎಸ್ಟಿಮೇಟನ್ನು ಎದುರಿಗಿಟ್ಟರು.

ಹೆಚ್ಚು ಜಗ್ಗಾಟವಾದದ್ದು ಅಡಿಪಾಯದ ಬಗ್ಗೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣಿನಲ್ಲಿ ಆಳವಿಲ್ಲದ ಬುನಾದಿ ಹಾಕಿದರೆ ಗೋಡೆಗಳು ಓರೆಯಾಗಿ ಸೀಳುತ್ತವೆ. ಹೀಗಾಗಿ ಎಂಜಿನಿಯರು, ತಳದಲ್ಲಿ ಗಡ್ಡೆಯಂತೆ ದಪ್ಪವಾಗುವ ಅಂಡರ್-ರೀಮ್ಡ್ ಪೈಲ್ (ನೆಲದಾಳಕ್ಕಿಳಿಯುವ ಕಾಂಕ್ರೀಟ್ ಕಂಬ) ಸೂಚಿಸಿದರು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿ ಅಭಿವೃದ್ಧಿಪಡಿಸಿದ ಈ ಪದ್ಧತಿಯಲ್ಲಿ, ಪೈಲಿನ ವ್ಯಾಸದ ಸುಮಾರು 2.5 ಪಟ್ಟು ಅಗಲವಿರುವ ಉಬ್ಬು, ತೇವ ಅಷ್ಟಾಗಿ ಏರಿಳಿಯದ ಆಳದಲ್ಲಿ ಕೂತು ಕಟ್ಟಡವನ್ನು ಹಿಡಿದಿಡುತ್ತದೆ. “ಮಣ್ಣಾಗ ಹೂಳಾಕ ಇಷ್ಟು ರೊಕ್ಕ ಯಾಕ್ರಿ?” ಎಂದು ಅಣ್ಣ ಕೇಳಿದಾಗ, ಕಚೇರಿಯವರು ಅಡಿಪಾಯದ ಬಾಬನ್ನು ಮುಟ್ಟದೆ ನೆಲಹಾಸಿನ ಬಾಬನ್ನು ತಿದ್ದಿದರು. ವಿಟ್ರಿಫೈಡ್ ಟೈಲ್ಸಿನ ಜಾಗಕ್ಕೆ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು ಬಂತು. ಜಿಲ್ಲೆಯದೇ ಕಲ್ಲಾದ್ದರಿಂದ ಸಾಗಣೆ ಅಗ್ಗ, ಬೇಸಿಗೆಯಲ್ಲಿ ಕಾಲಿಗೆ ತಂಪು. ಆದರೆ ಅಂಚನ್ನು ಯಂತ್ರದಿಂದ ಕತ್ತರಿಸಿರಬೇಕು; ಇಲ್ಲದಿದ್ದರೆ ಸಂದುಗಳು ಅಗಲವಾಗಿ ಸಿಮೆಂಟೇ ಎದ್ದು ಕಾಣುತ್ತದೆ. ಹುಣಸೆ, ನಿಂಬೆ ರಸ ಬಿದ್ದರೆ ಈ ಸುಣ್ಣಕಲ್ಲಿನ ಹೊಳಪು ಮಂಕಾಗುತ್ತದೆಂದು ಅಡುಗೆ ಕಟ್ಟೆಗೆ ಗ್ರಾನೈಟನ್ನೇ ಉಳಿಸಿದ್ದು ಅವರ ಜಾಣತನ.

ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಪಶ್ಚಿಮದ ಮುಂಭಾಗಕ್ಕೆ ಗಾಜು ಬೇಕೆಂದು ತಮ್ಮ ಹಟ ಹಿಡಿದಿದ್ದ. ಅದನ್ನು ಬಿಡಿಸಿ, ಆ ಹಣವನ್ನು ಕಿಟಕಿಗಳ ಮೇಲಿನ ಅಗಲ ಸಜ್ಜಾಗಳಿಗೂ, ಬಿಸಿಲು ತಡೆಯಲು ತಾರಸಿಗೆ ಹಾಸುವ ಬಿಳಿ ಟೈಲ್ ಚೂರುಗಳ ಚೀನಿ ಮೊಸಾಯಿಕ್ಕಿಗೂ ಹಾಕಿಸಿದರು. ಬಚ್ಚಲುಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿದ್ದರಿಂದ ಪೈಪಿನ ಖರ್ಚೂ ಇಳಿಯಿತು.

ಶುಲ್ಕವನ್ನು ಕಟ್ಟಡ ವೆಚ್ಚದ ಶೇಕಡಾವಾರು ಲೆಕ್ಕದಲ್ಲಿ ಕೇಳದೆ ಒಟ್ಟು ಮೊತ್ತವಾಗಿ ಗೊತ್ತುಮಾಡಿದ್ದು ನನಗೆ ಹಿಡಿಸಿತು. ಖರ್ಚು ಏರಿದಷ್ಟೂ ಸಲಹೆಗಾರರ ಗಳಿಕೆ ಏರುವ ಏರ್ಪಾಟಿನಲ್ಲಿ ಉಳಿತಾಯದ ಸಲಹೆ ನಿರೀಕ್ಷಿಸುವುದು ಕಷ್ಟ. ಮಧ್ಯದಲ್ಲಿ ಏನೇ ಬದಲಾಯಿಸಿದರೂ ಮೂರೂ ಮನೆಯವರ ಸಹಿ ಬೇಕೆಂಬ ನಿಯಮವೂ ಜಗಳ ತಪ್ಪಿಸಿತು.

ಆದರೆ ವಿದ್ಯುತ್ ನಕ್ಷೆ ತಡವಾಗಿ ಕೈಸೇರಿದ್ದರಿಂದ ಪ್ಲಾಸ್ಟರ್ ಮುಗಿದ ಗೋಡೆಗಳನ್ನೇ ಮತ್ತೆ ಕೊರೆಯಬೇಕಾಯಿತು, ಆ ಮರುಗೆಲಸದ ಕೂಲಿ ನಮ್ಮ ಲೆಕ್ಕಕ್ಕೇ ಬಿತ್ತು. ಇಷ್ಟು ಅಚ್ಚುಕಟ್ಟಾದ ಕಚೇರಿಯಿಂದ ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಪಾಲಿಕೆಯ ಮಂಜೂರಾತಿಗಷ್ಟೇ ನಕ್ಷೆ ಬೇಕಾದವರಿಗೆ ಇವರು ದುಬಾರಿ. ಪಾಲುದಾರರಿರುವ ಕಟ್ಟಡಕ್ಕೆ ಧಾರಾಳವಾಗಿ ಹೋಗಬಹುದು. ವಿದ್ಯುತ್ ಮತ್ತು ನೀರಿನ ನಕ್ಷೆಗಳನ್ನು ಕೊಡುವ ದಿನಾಂಕವನ್ನು ಮಾತ್ರ ಕರಾರಿನಲ್ಲೇ ಬರೆಸಿಕೊಳ್ಳಿ.