ಕಿವಿಗಂಟಿಸುವ ಬೀಜ: ಕಾಳು ಗಟ್ಟಿ, ಅಂಟು ಪೊಳ್ಳು

ಕಾಳಿನ ಮೇಲೆ ತಕರಾರಿಲ್ಲ, ತಕರಾರೆಲ್ಲ ಅಂಟಿನ ಮೇಲೆ. ಒತ್ತಡ, ಆತಂಕ ತಗ್ಗಿಸಲೆಂದು ಚೀನೀ ವೈದ್ಯಪದ್ಧತಿಯ ಈ ಬೀಜಗಳನ್ನು ಕಿವಿಯ ಬಿಂದುಗಳಿಗೆ ಅಂಟಿಸಿ, ಆಗಾಗ ಒತ್ತುತ್ತ ತಿಂಗಳುಗಟ್ಟಲೆ ಬಳಸಲು ಹೊರಟವರು ಬೇಸತ್ತು ಬಿಡುವುದು ಇಲ್ಲೇ. ಮೂರು ದಿನ ಇರಬೇಕಾದ ಪಟ್ಟಿ ಮರುದಿನ ಬೆಳಿಗ್ಗೆ ದಿಂಬಿನ ಮೇಲೆ ಬಿದ್ದಿರುತ್ತದೆ.

ಬೀಜದ ಹೆಸರು ವಾಂಗ್ ಬು ಲಿಯು ಶಿಂಗ್. ಸಾಸಿವೆ ಗಾತ್ರ, ಕಪ್ಪು ಬಣ್ಣ, ಉಗುರಿಗೆ ಜಗ್ಗದ ಗಟ್ಟಿತನ. ಸುಮಾರು 6 ಮಿಲಿಮೀಟರ್ ಚೌಕದ ಅಂಟುಪಟ್ಟಿಯ ನಡುವೆ ಒಂದೊಂದು ಕಾಳು. ಅದರಿಂದ ಔಷಧವೇನೂ ಚರ್ಮಕ್ಕೆ ಇಳಿಯಬೇಕಾಗಿಲ್ಲ, ಕೆಲಸವೆಲ್ಲ ಒತ್ತುವುದರದ್ದೇ. ಚಿನ್ನದ ಲೇಪದ ಲೋಹದ ಗುಂಡುಗಳೂ ಸಿಗುತ್ತವೆ. ನಿಕ್ಕಲ್ ಒಗ್ಗದವರು ಅವುಗಳ ತಂಟೆಗೆ ಹೋಗದಿರುವುದು ಒಳ್ಳೆಯದು.

ಕಿವಿಯ ಗುಳಿಗಳಲ್ಲಿ ಎಣ್ಣೆಪಸೆ ಇರುತ್ತದೆ, ಅಂಟಿನ ಮೊದಲ ವೈರಿ ಅದೇ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಆರುವವರೆಗೆ ಒಂದೆರಡು ನಿಮಿಷ ಕಾಯಬೇಕು. ಈ ಕಾಯುವಿಕೆ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಪಟ್ಟಿಯನ್ನು ಬೆರಳಿನಿಂದ ಎತ್ತಿದರೆ ಬೆರಳಿನ ಜಿಡ್ಡೂ ಅಂಟಿಗೆ ಸೇರುತ್ತದೆ, ಹಾಗಾಗಿ ಚಿಮುಟವೇ ಬೇಕು. ಮೊದಲು ಏಳುವುದು ಚೌಕದ ಮೂಲೆಗಳು. ಅಂಟಿಸುವ ಮುನ್ನ ನಾಲ್ಕು ಮೂಲೆಗಳನ್ನೂ ಕತ್ತರಿಯಿಂದ ಸವರಿ ದುಂಡಗೆ ಮಾಡಿಕೊಂಡರೆ ಕೂದಲಿಗೆ, ಟವೆಲಿಗೆ ಸಿಕ್ಕಿ ಕಿತ್ತುಬರುವುದು ಎಷ್ಟೋ ಕಡಿಮೆಯಾಗುತ್ತದೆ. ತಯಾರಕರೇ ಮಾಡಬಹುದಾಗಿದ್ದ ಕೆಲಸ ಇದು! ಸ್ನಾನ ಮುಗಿದ ತಕ್ಷಣ ಅಂಟಿಸಬಾರದು. ಕಿವಿಯೊಳಗೆ ತೂರಿಸುವ ಇಯರ್‌ಫೋನ್ ಬಳಸುವವರಿಗೆ ನಡುಗುಳಿಯ ಬೀಜ ಎಂದೂ ನಿಲ್ಲದು, ಹೆಲ್ಮೆಟ್ ಹಾಕಿ ತೆಗೆದಾಗಲೂ ಅದೇ ಪಾಡು.

ಬೀಜ ಎಲ್ಲೆಲ್ಲಿ ಅಂಟಿಸಬೇಕೆಂದು ತೋರಿಸಲು ಡಬ್ಬಿಯ ಜೊತೆ ಬರುವ ನಕ್ಷೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಫ್ರಾನ್ಸಿನ ವೈದ್ಯ ಪಾಲ್ ನೋಜಿಯೆ 1950ರ ದಶಕದಲ್ಲಿ ರೂಪಿಸಿದ ಕಿವಿನಕ್ಷೆಗೂ ಚೀನೀ ನಕ್ಷೆಗೂ ಎಲ್ಲ ಬಿಂದುಗಳಲ್ಲಿ ತಾಳೆಯಾಗುವುದಿಲ್ಲ. ಎರಡನ್ನೂ ಬೆರೆಸಿದ ಚಿತ್ರ ಹಿಡಿದು ಹುಡುಕಿದರೆ ತಲೆ ಕೆಡುತ್ತದೆ. ಆತಂಕಕ್ಕೆ ಮೂರು ಬಿಂದು ಸಾಕು. ಕಿವಿಯ ಮೇಲ್ಭಾಗದ ತ್ರಿಕೋನ ಗುಳಿಯಲ್ಲಿ, ಏಣು ಎರಡಾಗಿ ಕವಲೊಡೆಯುವ ಕಡೆಗೆ ಶೆನ್‌ಮೆನ್. ಕಿವಿರಂಧ್ರದ ಹಿಂದಿನ ಬೋಗುಣಿಯ ನಟ್ಟನಡುವೆ ಹೃದಯಬಿಂದು. ಹಾಲೆಗಿಂತ ತುಸು ಮೇಲಿರುವ ಪುಟ್ಟ ಉಬ್ಬಿನ ಒಳಮೈಯಲ್ಲಿ ಮೂರನೆಯದು. ಬೆಂಕಿಕಡ್ಡಿಯ ಮೊಂಡು ತುದಿಯಿಂದ ಮೆಲ್ಲಗೆ ತಡವುತ್ತ ಹೋದರೆ ಒಂದು ಕಡೆ ಸುತ್ತಲಿಗಿಂತ ಹೆಚ್ಚು ನೋವು ತಿಳಿಯುತ್ತದೆ. ಬೀಜ ಕೂರಬೇಕಾದದ್ದು ಅಲ್ಲೇ.

ಒತ್ತುವುದು ದಿನಕ್ಕೆ ಮೂರರಿಂದ ಐದು ಸಲ, ಬಿಂದುವಿಗೆ ಅರ್ಧದಿಂದ ಒಂದು ನಿಮಿಷ. ಹೆಬ್ಬೆರಳು ಕಿವಿಯ ಹಿಂದೆ, ತೋರುಬೆರಳು ಬೀಜದ ಮೇಲೆ, ಬಲ ನೇರವಾಗಿ. ಉಜ್ಜಬಾರದು, ಉಜ್ಜಿದರೆ ಚರ್ಮ ತರಚುತ್ತದೆ. ಒತ್ತುತ್ತ ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತಿದ್ದರೆ ಕಿವಿ ಬೆಚ್ಚಗಾಗುವಷ್ಟರಲ್ಲಿ ಭುಜಗಳು ತಾವಾಗಿಯೇ ಇಳಿದಿರುತ್ತವೆ. ಮಲಗುವ ಮುಂಚಿನ ಸುತ್ತು ತಪ್ಪಿಸುವಂತಿಲ್ಲ, ಇಡೀ ಪೊಟ್ಟಣದ ಬೆಲೆ ಅದೊಂದರಲ್ಲೇ ತೀರುತ್ತದೆ.

ಅಂಟಿನ ಮೇಲಿನ ಸಿಟ್ಟು ಇಳಿಯುವುದೂ ಇದರಿಂದಲೇ. ಎರಡು ಮೂರು ವಾರವಾದ ಮೇಲೆ ಎದೆ ಬಿಗಿಯುವ ಹೊತ್ತಿಗೆ ಕೈ ತಾನೇ ಕಿವಿಗೆ ಹೋಗುತ್ತದೆ. ಸಭೆಯ ನಡುವೆ, ಸರದಿಯಲ್ಲಿ, ಯಾರ ಗಮನಕ್ಕೂ ಬಾರದೆ. ಬಿಂದುವಿನ ಮಹಿಮೆಯೋ, ಒಂದು ನಿಮಿಷ ನಿಂತು ಉಸಿರಾಡಿದ್ದರ ಫಲವೋ? ಬಹುಪಾಲು ಎರಡನೆಯದಕ್ಕೇ ಸಲ್ಲಬೇಕೆಂಬುದು ಈ ವಿಮರ್ಶೆಯ ಅನುಮಾನ. ಅದರಿಂದ ಉಪಯೋಗವೇನೂ ತಗ್ಗುವುದಿಲ್ಲ. ಆದರೆ ತೀವ್ರ ಭೀತಿ, ವಾರಗಟ್ಟಲೆ ನಿದ್ದೆಗೇಡು ಇದ್ದರೆ ಇದು ಮದ್ದಲ್ಲ, ವೈದ್ಯರು ಕೊಟ್ಟ ಮಾತ್ರೆಯನ್ನು ಬೀಜ ನಂಬಿ ನಿಲ್ಲಿಸಬಾರದು.

ಜೊತೆಗೆ ಏನಾದರೂ ಸೇರಿಸುವುದಿದ್ದರೆ ಬಾದುವಾನ್‌ಜಿನ್ ಎಂಬ ಚೀನೀ ವ್ಯಾಯಾಮ ಸೇರಿಸಿ. ಎಂಟು ಚಲನೆಗಳು, ಒಂದು ಸುತ್ತಿಗೆ ಸುಮಾರು ಹನ್ನೆರಡು ನಿಮಿಷ. ಕುದುರೆ ಸವಾರನ ಭಂಗಿಯಲ್ಲಿ ತಲೆ, ಸೊಂಟ ತೂಗುವ ಐದನೆಯದನ್ನು ಹೃದಯದ ಬೆಂಕಿ ಆರಿಸುವ ಚಲನೆ ಎನ್ನುತ್ತಾರೆ. ಮಂಡಿನೋವಿದ್ದರೆ ಅಷ್ಟು ಕೆಳಗೆ ಕೂರುವುದು ಬೇಡ. ಶಿಯಾವ್ ಯಾವ್ ಸಾನ್‌ನಂಥ ಮೂಲಿಕೆಗಳ ಮಿಶ್ರಣವನ್ನು ಮಾತ್ರ ಸ್ವಂತಕ್ಕೆ ಕೊಂಡು ನುಂಗಬೇಡಿ. ಅದರಲ್ಲಿರುವ ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರಿಸುತ್ತದೆ, ದಾಂಗ್ ಗುಯಿ ಬೇರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸಬಲ್ಲದು. ಬಸುರಿಯರು ಕಿವಿಬೀಜಕ್ಕೂ ಮೊದಲು ವೈದ್ಯರನ್ನು ಕೇಳಬೇಕು.

ಮೂರು ದಿನಕ್ಕೊಮ್ಮೆ, ಬೆವರುವ ಕಾಲದಲ್ಲಿ ಎರಡೇ ದಿನಕ್ಕೆ, ಪಟ್ಟಿ ತೆಗೆಯಿರಿ. ಬೆಚ್ಚಗಿನ ನೀರು ಸೋಕಿಸಿ ಅಂಚಿನಿಂದ ಬಿಡಿಸಿದರೆ ಚರ್ಮ ಎಳೆಯುವುದಿಲ್ಲ. ಬೀಜದ ಗುರುತಿನ ಸಣ್ಣ ತಗ್ಗು ಕಂಡರೆ ಚಿಂತೆಯಿಲ್ಲ, ಕೆಲ ಗಂಟೆಗಳಲ್ಲಿ ಮಾಯವಾಗುತ್ತದೆ. ಪಟ್ಟಿಯ ಆಕಾರದಲ್ಲೇ ಚೌಕವಾಗಿ ಕೆಂಪಾಗಿ ತುರಿಸಿದರೆ ಅದು ಅಂಟಿನ ಅಲರ್ಜಿ, ಬೇರೆ ಪಟ್ಟಿ ಹುಡುಕಬೇಕು. ಚರ್ಮ ಒಡೆದಿದ್ದರೆ ಆ ಕಿವಿಗೆ ಪೂರ್ತಿ ಮಾಯುವವರೆಗೆ ರಜೆ. ಕಿವಿಯ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಸೋಂಕು ತಗುಲಿದರೆ ಬೇಗ ವಾಸಿಯಾಗದು. ಏನೂ ಆಗಿಲ್ಲವೆಂದರೂ ಮುಂದಿನ ಸರದಿ ಇನ್ನೊಂದು ಕಿವಿಯದು.